ಕಣ್ಣು ಬಾಕಿಯಿದ್ದ ಸೀತೆ

ಮಗಳ ಮದುವೆಗೆ ಮುಂಚೆ ಕೆಲವು ವಾರ ನಮ್ಮ ಗೆಸ್ಟ್ ರೂಮಿನ ಮಂಚದ ಮೇಲೆ ಒಂದು ಚಿತ್ರ ಕಣ್ಣಿಲ್ಲದೆ ಮಲಗಿತ್ತು. ಉಳಿದ ಕೆಲಸವೆಲ್ಲ ಮುಗಿದಿತ್ತು. ಬಿದಿರ ಮೆಳೆಗೆ ಹಸಿರು ಕೂತಿತ್ತು, ತಾವರೆ ಎಲೆಗಳಿಗೆ ನರ ಬಂದಿತ್ತು. ಮೀನಿನ ಹುರುಪೆ, ಗಿಳಿಯ ಕೊರಳಪಟ್ಟಿ, ಸೀತೆಯ ಸೆರಗಿನ ಕುಚ್ಚು ಯಾವುದನ್ನೂ ಬಿಟ್ಟಿರಲಿಲ್ಲ. ಮುಖಗಳಲ್ಲಿ ಮಾತ್ರ ಕಣ್ಣಿರಬೇಕಾದ ಕಡೆ ಬಾದಾಮಿಯಾಕಾರದ ಖಾಲಿ ಜಾಗ. ವ್ಯಾಕ್ಯೂಮ್ ಮಾಡಲು ಆ ಕೋಣೆಗೆ ಹೋದಾಗ ಮಂಚದ ಆ ಬದಿಯನ್ನು ಬೇಗ ಮುಗಿಸಿ ಬಾಗಿಲು ಎಳೆದುಕೊಳ್ಳುತ್ತಿದ್ದೆ.

ಅದನ್ನು ಬರೆದವರು ನನ್ನ ಮಗಳು ಮದುವೆಯಾಗಲಿದ್ದ ಹುಡುಗನ ಅಜ್ಜಿ. ಬಿಹಾರದಲ್ಲಿ ಮಿಥಿಲೆಯ ಕಡೆಯವರು. ಅವರ ಊರಲ್ಲಿ ಮದುವೆ ಮನೆಯ ಒಂದು ಕೋಣೆಯ ಗೋಡೆಯ ಮೇಲೆ ಹೆಂಗಸರು ಸೇರಿ ಚಿತ್ರ ಬರೆಯುತ್ತಾರೆ. ಹೊಸ ಗಂಡ ಹೆಂಡತಿ ಮೊದಲ ದಿನಗಳನ್ನು ಕಳೆಯುವುದು ಆ ಚಿತ್ರದ ಎದುರಿಗೆ. ಕೋಹಬರ ಎಂದು ಅದಕ್ಕೆ ಹೆಸರು. ಅದಿಲ್ಲದೆ ನಡೆದ ಮದುವೆ ಅಜ್ಜಿಯ ಲೆಕ್ಕದಲ್ಲಿ ಬರೀ ಊಟ. ಕಣ್ಣನ್ನು ಎಲ್ಲಕ್ಕಿಂತ ಕೊನೆಗೆ ಬರೆಯಬೇಕು, ಕಣ್ಣು ಬಂದ ಮೇಲೆಯೇ ಚಿತ್ರಕ್ಕೆ ಜೀವ. ಆ ಕಣ್ಣನ್ನು ತಾವು ಬರೆಯುವುದಿಲ್ಲ ಎಂದು ಅಜ್ಜಿ ಹೇಳಿಬಿಟ್ಟಿದ್ದರು. ಕಾರಣ, ನಾವು ಗೊತ್ತುಮಾಡಿದ್ದ ಮುಹೂರ್ತ.

ನಾವಿರುವುದು ಕ್ರ್ಯಾನ್‌ಬರಿಯ ಹತ್ತಿರ ಒಂದು ಟೌನ್‌ಹೌಸಿನಲ್ಲಿ. ಅಡುಗೆಮನೆಯ ಕಿಟಕಿಯಿಂದ ಮೊದಲು ಜೋಳದ ಹೊಲ ಕಾಣುತ್ತಿತ್ತು, ಈಗ ಒಂದು ವೇರ್‌ಹೌಸಿನ ಬೆನ್ನು ಕಾಣುತ್ತದೆ. ಮಗಳು ಫೋರ್ಟ್ ಲೀಯಲ್ಲಿ ಬಾಡಿಗೆಗಿದ್ದು ಸೇತುವೆ ದಾಟಿ ಮ್ಯಾನ್‌ಹಟನ್ನಿಗೆ ಕಮ್ಯೂಟ್ ಮಾಡುತ್ತಾಳೆ. ಹುಡುಗನ ಮನೆಯವರು ಲಾಂಗ್ ಐಲ್ಯಾಂಡಿನ ಜೆರಿಕೋದವರು. ಅವನ ತಂದೆಗೆ ನಮ್ಮ ಕ್ರ್ಯಾನ್‌ಬರಿಯಲ್ಲೇ ಒಂದು ಔಷಧ ಕಂಪನಿಯಲ್ಲಿ ಕೆಲಸ. ವಾರಕ್ಕೆ ಎರಡು ದಿನ ಆಫೀಸಿಗೆ ಬಂದರೆ ಸಾಕು, ಉಳಿದ ದಿನ ಮನೆಯಿಂದ.

ನಿಶ್ಚಯವಾದ ಮೇಲೆ ಒಂದು ದಿನ ಅಜ್ಜಿಯೇ ಫೋನ್ ಮಾಡಿದರು. ಅವರದು ಮೈಥಿಲಿ ಬೆರೆತ ಹಿಂದಿ, ನನ್ನದು ಕಾನ್ವೆಂಟಿನಲ್ಲಿ ಪರೀಕ್ಷೆಗೆ ಓದಿದ ಹಿಂದಿ. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

"ಕೋಹಬರ ಹೆಣ್ಣಿನ ಮನೇಲಿ ಇರಬೇಕು ಸಮಧಿನ್. ನಿಮಗೆ ಬರೆಯೋಕೆ ಬರುತ್ತಾ?" ಎಂದರು. ನಾವು ಬೀಗಿತ್ತಿ ಅನ್ನುವ ಹಾಗೆ ಅವರು ಸಮಧಿನ್ ಅನ್ನುತ್ತಾರೆ.

"ಇಲ್ಲ ಮಾಂಜಿ. ರಂಗೋಲಿ ಬರುತ್ತೆ."

"ರಂಗೋಲಿ ಬೆಳಿಗ್ಗೆ ಹಾಕಿದರೆ ಸಂಜೆಗೆ ಅಳಿಸುತ್ತೆ. ಸರಿ, ನಾನೇ ಬರ್ತೀನಿ. ಮಗನ ಕಾರು ಹೇಗೂ ಆ ಕಡೆ ಬರುತ್ತಲ್ಲ."

ಹಾಗೆ ಸೆಪ್ಟೆಂಬರಿನಿಂದ, ಮಗ ಆಫೀಸಿಗೆ ಬರುವ ದಿನಗಳಲ್ಲಿ, ಅವರು ನಮ್ಮ ಮನೆಗೆ ಬರತೊಡಗಿದರು. ಬೆಲ್ಟ್ ಪಾರ್ಕ್‌ವೇಯ ಟ್ರಾಫಿಕ್‌ನಲ್ಲಿ ಎರಡು ಗಂಟೆ ಕೂತು ಬಂದರೂ ಸೀರೆಯ ನೆರಿಗೆ ಕೆಟ್ಟಿರುತ್ತಿರಲಿಲ್ಲ. ಸೀರೆಯ ಕೆಳಗೆ ಬಿಳಿ ಸ್ನೀಕರ್ಸ್, ಮೇಲೆ ಮೊಮ್ಮಗನ ಕಾಲೇಜಿನ ಹೆಸರಿದ್ದ ಜಾಕೆಟ್. ಮೊದಲ ದಿನ ಕಾಗದದ ಒಂದು ದೊಡ್ಡ ಸುರುಳಿಯನ್ನು ಕಂಕುಳಲ್ಲಿ ಮಗುವಿನ ಹಾಗೆ ಹಿಡಿದುಕೊಂಡು ಇಳಿದರು. ಒಳಗೆ ಬಂದವರೇ ಗೆಸ್ಟ್ ರೂಮಿನ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದರು.

"ಇದು ಗೋಡೆಯೋ ಡಬ್ಬವೋ?"

"ಡ್ರೈವಾಲ್ ಅಂತಾರೆ ಮಾಂಜಿ," ಎಂದರು ನನ್ನವರು.

"ಒಳಗೇನಿದೆ?"

"ಗಾಳಿ."

"ಗಾಳಿ ಮೇಲೆ ಮದುವೆ ಬರೆಯೋಕಾಗಲ್ಲಪ್ಪಾ," ಎಂದು ಕಾಗದ ಬಿಚ್ಚಿದರು.

ಕಾಗದ ಕೈಯಿಂದ ಮಾಡಿದ್ದು, ಒರಟು. ಊರಲ್ಲೇ ಸಗಣಿ ನೀರು ಬಳಿದು ಒಣಗಿಸಿದ್ದರಿಂದ ತೆಳ್ಳನೆಯ ಕಾಫಿಯ ಬಣ್ಣ ಬಂದಿತ್ತು. ಹವೆ ತೇವವಾದ ದಿನ ಇಡೀ ಕೋಣೆಗೆ ಕೊಟ್ಟಿಗೆಯ ವಾಸನೆ ಬರುತ್ತಿತ್ತು. ಮಗಳಿಗೆ ವಿಡಿಯೋದಲ್ಲಿ ತೋರಿಸಿದರೆ ಅವಳು ಮೊದಲು ಕೇಳಿದ್ದು, "ಅಮ್ಮಾ, ಈಸ್ ದಟ್ ಈವನ್ ಲೀಗಲ್?"

ಕಪ್ಪು ಬಣ್ಣವನ್ನು ಅಂಗಡಿಯಿಂದ ತರಲು ಅಜ್ಜಿ ಒಪ್ಪಲಿಲ್ಲ. ಎಣ್ಣೆದೀಪದ ಮೇಲೆ ನನ್ನ ಸ್ಟೀಲ್ ತಟ್ಟೆ ಕವುಚಿ ಮಸಿ ಹಿಡಿಯಲು ಹೊರಟರು. ನಮ್ಮ ತಾಯಿ ಕಾಡಿಗೆ ಮಾಡುತ್ತಿದ್ದುದೂ ಹೀಗೆಯೇ, ನಾನೂ ಉತ್ಸಾಹದಿಂದ ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಸ್ಮೋಕ್ ಅಲಾರಂ ಕಿರುಚಿಕೊಂಡಿತು. ಒಂದು ಕೋಣೆಯದು ಶುರುವಾದರೆ ಮನೆಯವೆಲ್ಲ ಕೂಗುತ್ತವೆ. ನನ್ನವರು ಮೀಟಿಂಗ್ ಬಿಟ್ಟು ಓಡಿಬಂದು ಟವೆಲ್ ಬೀಸಿದರು. ಅಜ್ಜಿ ಕಿವಿ ಮುಚ್ಚಿಕೊಂಡು, "ಈ ದೇಶದಲ್ಲಿ ಕಾಡಿಗೆ ಮಾಡೋಕೂ ಪರ್ಮಿಷನ್ ಬೇಕಾ?" ಎಂದು ಕೇಳಿದರು. ಆಮೇಲೆ ದೀಪವನ್ನು ಹಿಂದಿನ ಡೆಕ್ಕಿಗೆ ಸಾಗಿಸಿದೆವು. ಮಸಿಗೆ ಗೋಂದು ಕಲಸಿದರೆ ಕಪ್ಪಾಯಿತು. ಹಳದಿಗೆ ಅಡುಗೆಮನೆಯ ಅರಿಶಿನವೇ. ಕೆಂಪು ಹಸಿರುಗಳನ್ನು ಕ್ರಾಫ್ಟ್ ಅಂಗಡಿಯಿಂದ ತರಲು ಬಿಟ್ಟರು.

ಗೆರೆ ಎಳೆಯುವುದು ಅವರ ಕೆಲಸ, ತುಂಬುವುದು ನನ್ನದು. ಅವರು ಪ್ರತಿ ಆಕಾರಕ್ಕೂ ಜೋಡಿ ಗೆರೆ ಎಳೆಯುತ್ತಿದ್ದರು, ಆ ಎರಡು ಗೆರೆಗಳ ನಡುವೆ ನಾನು ಸಣ್ಣ ಸಣ್ಣ ಅಡ್ಡಗೀಟು ಹಾಕುತ್ತ ಹೋಗಬೇಕು. ಎಲ್ಲಿಯೂ ಖಾಲಿ ಬಿಡುವಂತಿಲ್ಲ. ಎರಡು ಕಾಲುಗಳ ನಡುವೆ, ತೋಳಿನ ಸಂದಿಯಲ್ಲಿ, ಎಲ್ಲ ಕಡೆ ಹೂವೋ ಎಲೆಯೋ ಹಕ್ಕಿಯೋ ಬರಬೇಕು. "ಖಾಲಿ ಜಾಗ ಕಂಡರೆ ಬೇಡದವರು ಬಂದು ಕೂರ್ತಾರೆ," ಎನ್ನುತ್ತಿದ್ದರು. ನಮ್ಮ ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ನೆನಪಾಗುತ್ತಿದ್ದರು. ಅವರು ಕಸೂತಿಯನ್ನು ಮುಂದಿನಿಂದ ನೋಡುತ್ತಲೇ ಇರಲಿಲ್ಲ. ಬಟ್ಟೆಯನ್ನು ತಿರುಗಿಸಿ ಹಿಂಬದಿಯ ಗಂಟು ನೋಡಿ ಮಾರ್ಕ್ಸ್ ಕೊಡುತ್ತಿದ್ದರು. ಅಜ್ಜಿ ನನ್ನ ಗೀಟುಗಳಿಗೆ ಮೂಗು ತಾಗಿಸಿ ನೋಡುವಾಗ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಚಿತ್ರದ ಮಧ್ಯದಲ್ಲಿ ಬಿದಿರು, ತಾವರೆ, ಮೀನು, ಆಮೆ. ನಾಲ್ಕು ಮೂಲೆಯಲ್ಲಿ ಸೆರಗು ಮುಚ್ಚಿಕೊಂಡ ಒಬ್ಬೊಬ್ಬ ಹೆಂಗಸು. ಸೆರಗಿನಿಂದ ಅವಳ ಒಂದೇ ಕಣ್ಣು ಹೊರಗೆ ಕಾಣಬೇಕು. ಹೊಸ ಜೋಡಿಗೆ ದೃಷ್ಟಿ ತಾಗದಂತೆ ಕಾಯುವವಳು ಅವಳಂತೆ. "ಡೋರ್‌ಬೆಲ್ ಕ್ಯಾಮೆರಾ ಇದ್ದಂಗೆ," ಎಂದರು ನನ್ನವರು. ಅಂಚಿನುದ್ದಕ್ಕೂ ಸೀತೆಯ ಕಥೆ. ತಮ್ಮ ಊರ ಹುಡುಗಿಯಾದ್ದರಿಂದ ಅಜ್ಜಿಗೆ ಅದು ಪುರಾಣವಲ್ಲ, ಪಕ್ಕದ ಮನೆಯ ಸುದ್ದಿ.

ಮೊದಲ ದೃಶ್ಯ ನನಗೆ ಹೊಸದು. ಸೀತೆ ಇನ್ನೂ ಹುಡುಗಿ. ಮನೆ ಸಾರಿಸುತ್ತಿದ್ದಾಳೆ. ಯಾರಿಂದಲೂ ಎತ್ತಲಾಗದ ಶಿವಧನುಸ್ಸು ಅಡ್ಡ ಬಂದಿದೆ. ಅದನ್ನು ಎಡಗೈಯಿಂದ ಎತ್ತಿ ಹಿಡಿದು ಕೆಳಗಿನ ನೆಲವನ್ನು ಬಲಗೈಯಿಂದ ಸಾರಿಸುತ್ತಾಳೆ. ಜನಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಾನೆ. ಇದನ್ನು ಎತ್ತಬಲ್ಲವನಿಗೇ ಇವಳನ್ನು ಕೊಡುತ್ತೇನೆ ಎಂದು ಅವನು ಗೊತ್ತುಮಾಡಿದ್ದು ಆಗಲೇ ಅಂತೆ. ನನಗೆ ಬಿಲ್ಲಿಗಿಂತ ಆ ಒರೆಸುವ ಕೈಯೇ ಇಷ್ಟವಾಯಿತು. ಸೋಫಾದ ಒಂದು ಕಾಲು ಎತ್ತಿ ಹಿಡಿದು ಕೆಳಗೆ ಕಡ್ಡಿ ಪೊರಕೆ ಆಡಿಸಿದವರಿಗೆ ಆ ಭಂಗಿ ಗೊತ್ತು.

ಆ ವಾರಾಂತ್ಯ ಮನೆಗೆ ಬಂದ ಮಗಳಿಗೆ ಅದನ್ನು ತೋರಿಸಿದೆ. "ಸೋ ಶಿ ಕುಡ್ ಲಿಫ್ಟ್ ಇಟ್ ಆಲ್ ಅಲಾಂಗ್? ದೆನ್ ವೈ ಡು ದೇ ನೀಡ್ ಹಿಮ್?" ಎಂದಳು.

"ಬೆಳಗೆಲ್ಲಾ ರಾಮಾಯಣ ಕೇಳಿ ರಾಮನಿಗೂ ಸೀತೆಗೂ ಏನು ಸಂಬಂಧ ಅಂದ್ರಂತೆ," ಎಂದು ನನ್ನವರು ಪೇಪರಿನ ಹಿಂದಿನಿಂದ ಹೇಳಿದರು. ಮಗಳಿಗೆ ಗಾದೆ ಅರ್ಥವಾಗಲಿಲ್ಲ, ಹೇಳಿಸಿಕೊಂಡ ಮೇಲೆ ನಕ್ಕಳು.

ಅವಳ ವಿಷಯದಲ್ಲಿ ಒಂದು ಮಾತನ್ನು ಇಲ್ಲೇ ಹೇಳಬೇಕು. ಮೇ ತಿಂಗಳಲ್ಲೇ ಅವಳು ನಮ್ಮಿಬ್ಬರನ್ನೂ ಕೂರಿಸಿಕೊಂಡು, ಮದುವೆಯಲ್ಲಿ ಧಾರೆ ಬೇಡ ಎಂದಿದ್ದಳು. ನಮ್ಮಲ್ಲಿ ತಂದೆ ತಾಯಿ ಮಗಳ ಕೈಯನ್ನು ಹುಡುಗನ ಕೈಯಲ್ಲಿಟ್ಟು ಮೇಲೆ ನೀರು ಬಿಡುವುದೇ ಮದುವೆ, ಉಳಿದದ್ದು ಅದರ ಹಿಂದೆ ಮುಂದೆ. "ಐಯಾಮ್ ನಾಟ್ ಎ ಥಿಂಗ್, ಅಮ್ಮಾ. ನೋಬಡಿ ಗಿವ್ಸ್ ಮಿ," ಎಂದಳು. ಜಗಳದ ದನಿಯಲ್ಲಲ್ಲ, ಆಫೀಸಿನಲ್ಲಿ ಹೇಳುವ ಹಾಗೆ. ಪುರೋಹಿತರನ್ನೂ ತಾನೇ ಫೋನಿನಲ್ಲಿ ಕೇಳಿದ್ದಳು. "ಈಗೀಗ ಇಲ್ಲಿ ಬೇಕಾದಷ್ಟು ಜನ ಹಂಗೇ ಮಾಡ್ಕೋತಾರಮ್ಮ, ಹೋಮ ಸಪ್ತಪದಿ ಇದ್ರೆ ಆಯ್ತು," ಎಂದಿದ್ದರಂತೆ. ನಾನು "ಹೂಂ, ನೋಡೋಣ" ಅಂದೆ. ನಮ್ಮ ಮನೆಯಲ್ಲಿ "ನೋಡೋಣ" ಎಂದರೆ ಇಲ್ಲ ಎಂದೂ ಅಲ್ಲ, ಹೌದು ಎಂದೂ ಅಲ್ಲ. ಧಾರೆಗೆಂದು ಮೈಸೂರಿನಿಂದ ತರಿಸಿದ್ದ ಬೆಳ್ಳಿ ಗಿಂಡಿ ಲಿನೆನ್ ಕ್ಲಾಸೆಟ್ಟಿನಲ್ಲಿ ಟವೆಲುಗಳ ಹಿಂದೆ ಇತ್ತು. ನಾನು ಆಗಾಗ ತೆಗೆದು ವಿಭೂತಿ ಹಾಕಿ ಉಜ್ಜಿ ಮತ್ತೆ ಅಲ್ಲೇ ಇಡುತ್ತಿದ್ದೆ. ನನ್ನವರಿಗೂ ಅದು ಅಲ್ಲಿರುವುದು ಗೊತ್ತಿತ್ತು.

ಅಕ್ಟೋಬರಿನಲ್ಲಿ ಚಿತ್ರ ಮಾಲೆ ಹಾಕುವ ದೃಶ್ಯಕ್ಕೆ ಬಂತು. ಅಲ್ಲಿಗೆ ಅಂಚಿನಲ್ಲಿ ಜಾಗ ಮುಗಿದಿತ್ತು.

"ಮುಂದಿನದು? ಕಾಡು, ಲಂಕೆ?" ಎಂದು ಕೇಳಿದೆ.

"ಕೋಹಬರದಲ್ಲಿ ಇಷ್ಟೇ. ಮುಂದಿನದನ್ನ ಹೆಂಗಸರು ಹಾಡ್ತಾರೆ, ಬರೆಯೋದಿಲ್ಲ."

ಕಾನ್ವೆಂಟಿನಲ್ಲಿ ಡಿಸೆಂಬರ್ ಬಂದರೆ ಕ್ರಿಸ್‌ಮಸ್ಸಿಗೆ ನಾವೇ ಹುಲ್ಲು ಹಾಕಿ ಗೋದಲಿ ಕಟ್ಟುತ್ತಿದ್ದೆವು. ಒಮ್ಮೆ ಒಬ್ಬ ಹುಡುಗಿ ಉತ್ಸಾಹ ಹೆಚ್ಚಾಗಿ ಅದರ ಮೇಲೆ ಕಡ್ಡಿಯ ಶಿಲುಬೆಯೊಂದನ್ನು ನೆಟ್ಟಿದ್ದಳು. ಸಿಸ್ಟರ್ ಬೈಯಲಿಲ್ಲ. "ಇವತ್ತು ಮಗು ಹುಟ್ಟಿದೆ. ಉಳಿದದ್ದು ಎಲ್ಲರಿಗೂ ಗೊತ್ತು," ಎಂದು ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡರು. ಆ ಮಾತನ್ನು ಅಜ್ಜಿಗೆ ಹೇಳಿದೆ. "ಬುದ್ಧಿವಂತೆ," ಎಂದರು.

ಆ ಹೊತ್ತಿನ ಸಲುಗೆಯಲ್ಲೇ ನಾನು ಮುಹೂರ್ತದ ಸುದ್ದಿ ತೆಗೆದೆ. ಅವರಿಗೆ ಸಂತೋಷವಾಗಲಿ ಎಂದು. ಪುರೋಹಿತರು ಕೊಟ್ಟ ದಿನಗಳಲ್ಲಿ ನನ್ನವರು ಇದನ್ನೇ ಆರಿಸಿದ್ದರು. ಮಾರ್ಗಶಿರ ಶುದ್ಧ ಪಂಚಮಿ, ಸೀತಾರಾಮರ ಮದುವೆಯಾದ ದಿನವೆಂದು ಪಂಚಾಂಗದಲ್ಲಿತ್ತು. ಸೀತಾ ಕಲ್ಯಾಣ ಹಾಡದೆ ನಮ್ಮ ಕಡೆ ಮದುವೆಯೇ ಇಲ್ಲ. ಹುಡುಗ ಮಿಥಿಲೆಯವನು ಬೇರೆ. ಇದಕ್ಕಿಂತ ಒಳ್ಳೆಯ ದಿನ ಎಲ್ಲಿ ಸಿಗುತ್ತದೆ ಎಂದು ನಮಗೆ ನಾವೇ ಹೇಳಿಕೊಂಡು, ಆ ಭಾನುವಾರಕ್ಕೆ ಹಾಲ್ ಸಿಕ್ಕಿದ್ದನ್ನೂ ದೇವರ ಲೆಕ್ಕಕ್ಕೇ ಹಾಕಿದ್ದೆವು. ಹುಡುಗನ ತಂದೆ ತಾಯಿ ತಿಥಿ ಕೇಳಿರಲಿಲ್ಲ. ತಾರೀಖು ನೋಡಿ ಕ್ಯಾಲೆಂಡರಿನಲ್ಲಿ ಬ್ಲಾಕ್ ಮಾಡಿಕೊಂಡಿದ್ದರು. ಅಜ್ಜಿಗೆ ಯಾರೂ ತಿಥಿ ಹೇಳಿರಲಿಲ್ಲ.

"ಸೀತಮ್ಮನ ಮದುವೆ ದಿನವೇ ನಮ್ಮ ಹುಡುಗಿ ಮದುವೆ ಮಾಂಜಿ," ಎಂದೆ.

ಅಜ್ಜಿ ಲೇಖನಿಯನ್ನು ಮಸಿಯ ಬಟ್ಟಲಿನ ಅಂಚಿಗೆ ಒರಗಿಸಿದರು. ನಿಬ್ಬಿನಿಂದ ಒಂದು ಹನಿ ಬಟ್ಟಲಿನ ಹೊರಗೆ ಇಳಿಯಿತು. ಅದನ್ನು ಬೆರಳಿನಿಂದ ಒರೆಸಿ, ಬೆರಳನ್ನು ನೋಡುತ್ತ ಕೂತರು.

"ಆ ದಿನ ನಾವು ಹೆಣ್ಣು ಕೊಡೋದಿಲ್ಲ," ಎಂದರು.

ನನಗೆ ಮೊದಲು ನನ್ನ ಹಿಂದಿಯ ಮೇಲೆ ಅನುಮಾನ ಬಂತು. ಇನ್ನೊಮ್ಮೆ ಕೇಳಿದೆ. ಅವರು ನಿಧಾನವಾಗಿ, ಮಕ್ಕಳಿಗೆ ಹೇಳುವ ಹಾಗೆ ಹೇಳಿದರು. ಆ ದಿನ ಅವರ ಊರಲ್ಲಿ ಪೂಜೆ ಇದೆ, ಮೆರವಣಿಗೆ ಇದೆ, ಹಾಡು ಇದೆ. ಆದರೆ ಯಾವ ಮನೆಯವರೂ ಆ ದಿನ ಮಗಳ ಮದುವೆ ಇಡುವುದಿಲ್ಲ. ಕೊಟ್ಟು ನೋಡಿದ್ದೇವಲ್ಲ ಒಬ್ಬಳನ್ನು, ಸಾಕು ಎಂದು.

"ಗಂಡಿನ ಕಡೆಗೆ ಏನೂ ದೋಷ ಇಲ್ಲ. ರಾಮನಿಗೇನಾಯ್ತು? ಊರು ಸಿಕ್ತು, ಸಿಂಹಾಸನ ಸಿಕ್ತು. ಹೋದವಳು ನಮ್ಮವಳು. ನಾವು ಹೆಣ್ಣು ತರೋರು, ನಮಗೆ ಯಾವ ಅಡ್ಡಿಯೂ ಇಲ್ಲ. ಅಡ್ಡಿ ನಿಮಗೆ. ನಿಮಗೆ ಗೊತ್ತಿರಲಿಲ್ಲ, ಸರಿ. ನನಗೆ ಗೊತ್ತಿದೆಯಲ್ಲ? ಗೊತ್ತಿದ್ದೂ ಕಣ್ಣು ಬರೆದು, ನಾಳೆ ಆ ಹುಡುಗಿಗೆ ಏನಾದರೂ ಆದರೆ, ನಾನು ನನ್ನ ಕೈ ನೋಡ್ಕೊಂಡು ಕೂತಿರಬೇಕು."

ಸಂಜೆ ಕರೆದುಕೊಂಡು ಹೋಗಲು ಬಂದ ಬೀಗರು ಬಾಗಿಲಲ್ಲೇ ನಿಂತು ಇಂಗ್ಲಿಷಿನಲ್ಲಿ, "ಅಮ್ಮ ಹಾಗೇ ಹೇಳ್ತಾರೆ, ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ," ಎಂದರು. ಅಜ್ಜಿ ಸ್ನೀಕರ್ಸ್‌ನ ಲೇಸ್ ಕಟ್ಟಿಕೊಳ್ಳುತ್ತಿದ್ದರು. ಇಂಗ್ಲಿಷ್ ಬರುವುದಿಲ್ಲ, ಆದರೆ ಮಗನ ದನಿ ಅರ್ಥವಾಗುತ್ತದೆ. ಲೇಸಿಗೆ ಇನ್ನೊಂದು ಗಂಟು ಹಾಕಿದರು.

ದಿನ ಬದಲಿಸುವ ಹಾಗಿರಲಿಲ್ಲ. ಬೆಂಗಳೂರಿನಿಂದ ಬರುವವರಿಗೆ ವೀಸಾ ಆಗಿತ್ತು, ಟಿಕೆಟ್ ಆಗಿತ್ತು. ಇನ್ನೊಂದು ಹಾಲ್ ಸಿಗುವುದು ವರ್ಷದ ಮೇಲೆ. ಅಜ್ಜಿಯೂ ಬದಲಿಸಿ ಎನ್ನಲಿಲ್ಲ. ಮುನಿಸೂ ತೋರಿಸಲಿಲ್ಲ. ಮುಂದಿನ ವಾರವೂ ಬಂದರು, ಅದರ ಮುಂದಿನ ವಾರವೂ ಬಂದರು. ನನ್ನ ಬಿಸಿಬೇಳೆಬಾತಿಗೆ ತಮ್ಮ ಉಪ್ಪಿನಕಾಯಿ ಹಾಕಿಕೊಂಡು ತಿಂದರು. ಮೀನಿಗೆ ಹುರುಪೆ ಬರೆದರು, ಆಮೆಗೆ ಚಿಪ್ಪು ತುಂಬಿದರು. ಒಂದು ದಿನ ಇನ್ನು ತುಂಬಲು ಏನೂ ಉಳಿದಿರಲಿಲ್ಲ. ಬಣ್ಣದ ಬಟ್ಟಲು ತೊಳೆದು ಬೋರಲು ಹಾಕಿ, "ಇದಿಷ್ಟು ನನ್ನದು," ಎಂದರು. ಚಿತ್ರವನ್ನು ಮಂಚದ ಮೇಲೆ ಬಿಡಿಸಿಟ್ಟು ಹೋದರು.

ನನಗೆ ಅಂಥದ್ದರಲ್ಲಿ ನಂಬಿಕೆ ಇದೆಯೋ ಇಲ್ಲವೋ ನಾನು ಹೇಳಲಾರೆ. ಕಷ್ಟಪಟ್ಟ ಹೆಂಗಸರನ್ನು ಕಂಡರೆ ನಮ್ಮ ತಾಯಿಯೂ "ಸೀತೆ ಪಟ್ಟ ಪಾಡು ಪಟ್ಟಳು" ಎನ್ನುತ್ತಿದ್ದರು. ಅದೇ ಬಾಯಲ್ಲಿ ಮದುವೆ ಮನೆಯಲ್ಲಿ ಸೀತಾ ಕಲ್ಯಾಣ ಹಾಡುತ್ತಿದ್ದರು. ಎರಡನ್ನೂ ಒಟ್ಟಿಗೆ ಇಟ್ಟು ಯಾರೂ ನೋಡಿರಲಿಲ್ಲ, ಅಷ್ಟೇ. ಆದರೆ ಆ ಖಾಲಿ ಕಣ್ಣುಗಳನ್ನು ನೋಡಿದ ಮೇಲೆ, ಮಗಳು ಅವುಗಳನ್ನು ಹಾಗೆಯೇ ಹೊಸ ಮನೆಗೆ ತೆಗೆದುಕೊಂಡು ಹೋಗುವುದು ನನಗೆ ಬೇಡವಾಗಿತ್ತು.

ಮದುವೆಯ ವಾರ ಅಜ್ಜಿ ಕೊನೆಯ ಸಲ ಬಂದರು. ಚಿತ್ರವನ್ನು ಹಾಗೆಯೇ ಸುತ್ತಿಕೊಂಡು ಹೋಗುತ್ತೇನೆ, ಮನೆಯಲ್ಲಿ ಕಣ್ಣಿಲ್ಲದ್ದು ಇರಬಾರದು ಎಂದು ಮೊದಲೇ ಫೋನ್ ಮಾಡಿದ್ದರು. ರವಿಕೆಯ ಅಳತೆ ನೋಡಲು ಬಂದಿದ್ದ ಮಗಳು ಡೈನಿಂಗ್ ಟೇಬಲ್ಲಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡುತ್ತಿದ್ದಳು. ನನ್ನವರು ಏನೋ ಕಂಡುಹಿಡಿದವರ ಹಾಗೆ ಫೋನ್ ಹಿಡಿದುಕೊಂಡು ಕೆಳಗಿಳಿದರು.

"ಮಾಂಜಿ, ನಾವು ಊರಿನ ಪಂಚಾಂಗ ನೋಡಿ ತಪ್ಪು ಮಾಡಿದ್ವಿ. ಇಲ್ಲಿಯ ಟೈಮಿಗೆ ಪಂಚಮಿ ಬೆಳಿಗ್ಗೆ ಒಂಬತ್ತೂವರೆಗೇ ಮುಗಿಯುತ್ತೆ. ಮುಹೂರ್ತ ಹನ್ನೊಂದಕ್ಕೆ. ಅಷ್ಟೊತ್ತಿಗೆ ಷಷ್ಠಿ!"

ಅಜ್ಜಿ ಚಹಾದ ಕಪ್ಪಿನ ಮೇಲಿಂದ ಅವರನ್ನು ನೋಡಿದರು. "ಸೂರ್ಯ ಹುಟ್ಟುವಾಗ ಯಾವುದು?"

"ಪಂಚಮಿ."

"ಏಕಾದಶಿ ಉಪವಾಸ ಹೇಗೆ ಮಾಡ್ತೀರಿ ನೀವು? ಗಂಟೆ ನೋಡಿ ಮಧ್ಯಾಹ್ನಕ್ಕೆ ಊಟ ಮಾಡ್ತೀರಾ?"

ನನ್ನವರು ಫೋನನ್ನು ಟೇಬಲ್ಲಿನ ಮೇಲೆ ಬೋರಲು ಇಟ್ಟರು. ಸೂರ್ಯೋದಯದ ತಿಥಿಯೇ ದಿನದ ತಿಥಿ ಎಂದು ಹಬ್ಬ ಬಂದಾಗಲೆಲ್ಲ ನಮಗೆ ಪಾಠ ಮಾಡುವವರು ಅವರೇ.

ಮಗಳು ಲ್ಯಾಪ್‌ಟಾಪಿನಿಂದ ತಲೆ ಎತ್ತಿದಳು. ವಿಷಯ ಅವಳಿಗೆ ಅರ್ಧಂಬರ್ಧ ಗೊತ್ತಿತ್ತು.

"ವೇಟ್. ಪ್ರಾಬ್ಲಂ ಏನು? ಗಿವಿಂಗ್ ಮಿ ಅವೇ ಆನ್ ದಟ್ ಡೇ?"

"ಹೂಂ," ಎಂದೆ.

"ಬಟ್ ನೋಬಡಿ ಈಸ್ ಗಿವಿಂಗ್ ಮಿ ಅವೇ. ಮೇನಲ್ಲೇ ಹೇಳಿದೀನಲ್ಲ? ಟೆಲ್ ಹರ್, ಅಮ್ಮಾ."

ಅವಳಿಗೆ ಹಿಂದಿ ಬಾರದು, ಅಜ್ಜಿಗೆ ಇಂಗ್ಲಿಷ್ ಬಾರದು. ನನ್ನವರ ಹಿಂದಿ ತಿಥಿ ಗಂಟೆಗಳವರೆಗೆ ಮಾತ್ರ. ಹೇಳಬೇಕಾದವಳು ನಾನು. ಅಜ್ಜಿ ನನ್ನ ಕಡೆ ನೋಡಿದರು. ಅವರ ಹೆಬ್ಬೆರಳಿನ ಗೆರೆಗಳಲ್ಲಿ ಅರಿಶಿನ ಇನ್ನೂ ಹೋಗಿರಲಿಲ್ಲ. ನಾನು ಅದನ್ನೇ ನೋಡುತ್ತಿದ್ದೆ. ಏನೋ ತಮಾಷೆ ಮಾಡುತ್ತಾಳೆ ಮಾಂಜಿ ಎಂದುಬಿಟ್ಟಿದ್ದರೂ ನಡೆಯುತ್ತಿತ್ತು. ಈ ಮಾತನ್ನು ಒಮ್ಮೆ ಹಿಂದಿಯಲ್ಲಿ ಅವರಿಗೆ ಹೇಳಿದರೆ, ಮತ್ತೆ ಮಂಟಪದಲ್ಲಿ ನಿಂತು ಗಿಂಡಿ ತನ್ನಿ ಎನ್ನುವಂತಿರಲಿಲ್ಲ. "ನೋಡೋಣ" ಅಲ್ಲಿಗೆ ಮುಗಿಯುತ್ತಿತ್ತು.

"ಮಾಂಜಿ, ನಮ್ಮ ಮದುವೆಯಲ್ಲಿ ಕನ್ಯಾದಾನ ಇರೋದಿಲ್ಲ," ಎಂದೆ. "ಹುಡುಗಿಗೆ ಬೇಡ."

"ನೀವು ಒಪ್ಪಿದ್ದೀರಾ?" ಅಜ್ಜಿ ಕೇಳಿದ್ದು ನನ್ನನ್ನಲ್ಲ, ನನ್ನವರನ್ನು.

ನನ್ನವರು ನನ್ನ ಮುಖ ನೋಡಿದರು. ಆಮೇಲೆ ಒಮ್ಮೆ ಮೆಟ್ಟಿಲಿನ ಮೇಲುಭಾಗವನ್ನು, ಲಿನೆನ್ ಕ್ಲಾಸೆಟ್ ಇರುವ ಕಡೆ, ನೋಡಿದರು. "ಒಪ್ಪಿದೀವಿ," ಎಂದು ಕನ್ನಡದಲ್ಲೇ ಹೇಳಿ ತಲೆಯಾಡಿಸಿದರು.

"ನೀರು ಬಿಡಲ್ವಾ?"

"ಬಿಡಲ್ಲ."

"ಕೈಯಲ್ಲಿ ಕೈ ಇಡಲ್ವಾ?"

"ಇಲ್ಲ ಮಾಂಜಿ."

ಅಜ್ಜಿ ಮಗಳ ಕಡೆ ತಿರುಗಿದರು. "ಕೊಡೋರಿಲ್ಲ ಅಂದ್ರೆ ನಮ್ಮನೆಗೆ ಹೇಗಮ್ಮಾ ಬರ್ತೀಯ?"

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಮಗಳು ಭುಜ ಹಾರಿಸಿದಳು. "ಟೆಲ್ ಹರ್ ಐ'ಲ್ ವಾಕ್."

"ನಡ್ಕೊಂಡು ಬರ್ತಾಳಂತೆ."

ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಭುಜ ಕುಲುಕಿದಾಗಲೇ ನಗುತ್ತಿದ್ದಾರೆಂದು ಗೊತ್ತಾದದ್ದು. "ಜನಕನ ಮನೇಲಿ ಈ ಥರದ್ದು ಹುಟ್ಟಲಿಲ್ಲ ನೋಡಿ," ಎಂದರು. ಆಮೇಲೆ ಚಹಾ ಮುಗಿಸಿ, ಕಪ್ಪನ್ನು ಸಿಂಕಿನಲ್ಲಿಟ್ಟು, ಸ್ವಲ್ಪ ಹೊತ್ತು ಕಿಟಕಿಯಾಚೆ ವೇರ್‌ಹೌಸಿಗೆ ಹಿಮ್ಮುಖವಾಗಿ ಹೋಗುತ್ತಿದ್ದ ಟ್ರಕ್ಕೊಂದನ್ನು ನೋಡಿದರು.

"ಕೊಡದೆ ಇದ್ದದ್ದಕ್ಕೆ ಯಾವ ದಿನವಾದರೇನು," ಎಂದರು. "ಮಸಿ ಇದೆಯಾ?"

ಮಸಿ ಬಟ್ಟಲಿನ ತಳದಲ್ಲಿ ಒಣಗಿತ್ತು. ನೀರು ಹಾಕಿ ಕಲಸಿ ತಂದೆ. ಅಜ್ಜಿ ಮಂಚದ ಪಕ್ಕದಲ್ಲಿ ನೆಲಕ್ಕೆ ಕೂತು ಮೊದಲು ಮೂಲೆಯ ಹೆಂಗಸರಿಗೆ ಒಂದೊಂದು ಕಣ್ಣು ಬರೆದರು. ಗಿಳಿಗಳಿಗೆ ಚುಕ್ಕೆ, ಮೀನುಗಳಿಗೆ ಸೊನ್ನೆ. ಜನಕನಿಗೆ, ರಾಮನಿಗೆ, ನೆಲ ಸಾರಿಸುವ ಹುಡುಗಿಗೆ. ಒಂದೊಂದು ಕಣ್ಣು ಬರುತ್ತಿದ್ದಂತೆ ಆ ಮೂಲೆ ನಮ್ಮ ಕಡೆ ತಿರುಗಿದ ಹಾಗೆ ಅನ್ನಿಸಿತು. ಕೊನೆಗೆ ಮಾಲೆ ಹಿಡಿದ ಸೀತೆಯೊಬ್ಬಳು ಉಳಿದಳು. ಅಜ್ಜಿ ಲೇಖನಿಯನ್ನು ನನ್ನ ಕಡೆ ನೀಡಿದರು.

"ನನಗೆ ಬರಲ್ಲ ಮಾಂಜಿ. ಹಾಳಾಗುತ್ತೆ."

"ನೀರು ಬಿಡಲ್ಲ ಅಂದ್ರಿ. ಏನಾದರೂ ಕೈಯಾರೆ ಮಾಡಬೇಕಲ್ಲ ನೀವು."

ಮೇಲಿನ ಗೆರೆ ಎಳೆದೆ, ಕೆಳಗಿನದು ಎಳೆದೆ. ಗೀಟು ಹಾಕಿ ಹಾಕಿ ಕೈಗೆ ಅಷ್ಟು ಅಭ್ಯಾಸವಾಗಿತ್ತು. ಪಾಪೆಯನ್ನು ಇಡುವಾಗ ಮಾತ್ರ ತುಸು ಮುಂದೆ ಹೋಯಿತು. ಸೀತೆ ರಾಮನ ಮುಖ ನೋಡಬೇಕಾದವಳು ಅವನ ಭುಜದ ಮೇಲಿಂದ ಆಚೆ, ಕಾಗದ ಮುಗಿಯುವ ಕಡೆ ನೋಡುವಂತಾಯಿತು. ಅಜ್ಜಿ ಕತ್ತು ಓರೆ ಮಾಡಿ ನೋಡಿದರು.

"ಅಳಿಸೋ ಹಾಗಿಲ್ಲ," ಎಂದರು. "ಇರಲಿ ಬಿಡಿ. ಮುಂದೇನಿದೆ ಅಂತ ನೋಡ್ಕೊಳ್ಳಲಿ."

ಮಗಳು ಬಾಗಿಲಲ್ಲಿ ನಿಂತು ಫೋಟೋ ತೆಗೆದಳು. ಆಮೇಲೆ ಅವಳಿಗೆ ಕಾಲ್ ಇತ್ತು, ಹೋದಳು.

ಮದುವೆಯ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ನಾನು ಕೆಳಗಿಳಿದಾಗ ನನ್ನವರು ಪಂಚೆ ಉಟ್ಟು ಸಿದ್ಧರಾಗಿದ್ದರು. ಚಳಿಗೆಂದು ಒಳಗೆ ತಂದಿಟ್ಟಿದ್ದ ತುಳಸಿಯ ಕುಂಡದ ಮುಂದೆ ಬಗ್ಗಿ ನೀರು ಬಿಡುತ್ತಿದ್ದರು. ಕೈಯಲ್ಲಿ ಆ ಗಿಂಡಿ. ನನ್ನನ್ನು ಕಂಡು, "ತೊಳೆದಿಟ್ಟಿದ್ದು ಸುಮ್ಮನೆ ಯಾಕೆ," ಎಂದರು. ನಾನು ಕಾಫಿ ಸೋಸಲು ಹೋದೆ.

ಮದುವೆಯ ಹಾಲ್‌ನಲ್ಲಿ ಮಗಳು ಒಬ್ಬಳೇ ನಡೆದುಕೊಂಡು ಬಂದು ಮಂಟಪ ಹತ್ತಿದಳು. ಪುರೋಹಿತರು ಧಾರೆಯ ಮಂತ್ರವನ್ನು ದಾಟಿಸಿ ಹೋಮಕ್ಕೆ ಹೋದರು. ಬೆಂಗಳೂರಿನಿಂದ ಬಂದಿದ್ದ ನಮ್ಮ ಅತ್ತಿಗೆ, "ಇನ್ನೂ ಧಾರೆ ಆಗಲಿಲ್ವಲ್ಲೇ?" ಎಂದು ಎರಡು ಸಲ ಕೇಳಿದರು. ಹುಡುಗಿ ನಡೆದು ಬರುವಾಗ ಮುಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದ ಅಜ್ಜಿ ಅವಳ ಪಾದಗಳನ್ನೇ ನೋಡುತ್ತಿದ್ದರು. ಅವಳು ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು ಹತ್ತಿದ ಮೇಲೆ ನನ್ನ ಕಡೆ ಬಾಗಿ, "ನಡ್ಕೊಂಡೇ ಬಂದ್ಳು. ಚಪ್ಪಲಿ ಮಾತ್ರ ಎತ್ತರ ಜಾಸ್ತಿ ಆಯ್ತು," ಎಂದರು.

ಚಿತ್ರ ಈಗ ಫೋರ್ಟ್ ಲೀಯಲ್ಲಿ ಮಗಳ ಹತ್ತಿರ ಇದೆ. ಬಾಡಿಗೆ ಮನೆ, ಮೊಳೆ ಹೊಡೆಯುವಂತಿಲ್ಲ. ಅಂಟಿನ ಪಟ್ಟಿಯ ಮೇಲೆ ನಿಂತಿದೆ. ನಮ್ಮ ಮನೆಯಲ್ಲಿ ಗಿಂಡಿ ತುಳಸಿಯ ಪಕ್ಕದಲ್ಲೇ ಉಳಿಯಿತು. ಮೂತಿ ಸಣ್ಣದು, ನೀರು ಆಚೆ ಈಚೆ ಚೆಲ್ಲುವುದಿಲ್ಲ.